ನೋವು ಹೋಯಿತು, ಕಸುವು ಬರಲಿಲ್ಲ: ನರದ ಪೆಟ್ಟಿನ ನಂತರ ಜಿಮ್‌ಗೆ ಮರಳುವವರಿಗೆ ದೋಷ ಹುಡುಕುವ ಕೈಪಿಡಿ

ಬೆಂಚ್ ಮೇಲೆ ಮಲಗಿ ಎತ್ತುತ್ತಿದ್ದ ಬಾರ್ ಎದೆಯಿಂದ ಅರ್ಧದವರೆಗೆ ಬಂದಿತ್ತು. ಒಟ್ಟು 60 ಕೆಜಿ. ಮೊದಲೆಲ್ಲ ಮೈ ಬಿಸಿ ಮಾಡಿಕೊಳ್ಳಲು ನಾನು ಎತ್ತುತ್ತಿದ್ದ ತೂಕ ಅದು. ಬಲಗಡೆ ಮೇಲೆ ಹೋಗುತ್ತಲೇ ಇತ್ತು, ಎಡಗಡೆ ನಿಂತುಬಿಟ್ಟಿತು. ನೋವಿಲ್ಲ, ಉರಿಯಿಲ್ಲ, ಸುಸ್ತೂ ಇಲ್ಲ. ಮೊಣಕೈ ಮಾತ್ರ ತಾನಾಗಿ ಮಡಚಿಕೊಳ್ಳುತ್ತಿತ್ತು. ತಲೆಯ ಹತ್ತಿರ ನಿಂತಿದ್ದ ಹುಡುಗ "ಅಣ್ಣಾ, ಎಡಗೈ ಒತ್ತಿ, ಒತ್ತಿ" ಅಂತ ಕೂಗಿ ಬಾರ್ ಹಿಡಿದುಕೊಂಡ. ನಾನು ಒತ್ತುತ್ತಲೇ ಇದ್ದೆ. ಕೈಗೆ ಅದು ತಲುಪುತ್ತಿರಲಿಲ್ಲ.

ಅದಕ್ಕೆ ಐದು ವಾರ ಮೊದಲು ಕತ್ತು ಹಿಡಿದುಕೊಂಡಿತ್ತು. ಬೆನ್ನಿನ ಎಡಗಡೆ ರೆಕ್ಕೆ ಮೂಳೆಯ ಒಳಮಗ್ಗುಲಲ್ಲಿ ಮೊಳೆ ಹೊಡೆದ ಹಾಗೆ ನೋವು. ಆಮೇಲೆ ಅದು ತೋಳಿನ ಹಿಂಭಾಗದಿಂದ ಇಳಿದು ನಡುಬೆರಳಿನವರೆಗೆ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು. ಮೂರು ವಾರಕ್ಕೆ ನೋವು ಇಳಿಯಿತು. ವಾಸಿಯಾಯಿತು ಅಂದುಕೊಂಡೆ. ಮನೆಯವರೂ ಹಾಗೇ ಅಂದರು. ಇನ್ನೆರಡು ವಾರ ಬಿಟ್ಟು ಜಿಮ್‌ಗೆ ಹೋದೆ.

ಅವತ್ತು ರಾತ್ರಿ ಸ್ನಾನ ಮಾಡುವಾಗ ಎಡಗೈಯಲ್ಲಿ ಚೊಂಬು ಎತ್ತಿ ತಲೆ ಮೇಲೆ ನೀರು ಹಾಕಿಕೊಳ್ಳಲು ಹೋದೆ. ಮೊಣಕೈ ಕುಸಿದು ಚೊಂಬು ಹೆಗಲಿಗೆ ಬಡಿಯಿತು. ಒಂದು ಲೀಟರ್ ನೀರು ಅಷ್ಟೇ. ಆಗ ಹೆದರಿಕೆಯಾಯಿತು.

ಜಿಮ್‌ನಲ್ಲಿ ಸಿಕ್ಕ ಸಲಹೆ ಒಂದೇ: "ವೀಕ್ ಆಗಿದೆ, ಎಡಗೈಗೆ ಎರಡು ಸೆಟ್ ಜಾಸ್ತಿ ಹೊಡೆಯಿರಿ." ಎರಡು ತಿಂಗಳು ಹಾಗೇ ಮಾಡಿದೆ. ಕೈ ಇನ್ನೂ ಸೋತಿತು. ನೋವು ಬೇರೆ ಲೆಕ್ಕ, ಕಸುವು ಬೇರೆ ಲೆಕ್ಕ ಅಂತ ಆ ಎರಡು ತಿಂಗಳಲ್ಲಿ ಯಾರಾದರೂ ಹೇಳಿದ್ದರೆ ಎಷ್ಟೋ ಉಪಕಾರ ಆಗುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಈ ದೋಷವನ್ನು ಒಂದೂವರೆ ವರ್ಷ ದಿನಾ ಹತ್ತಿರದಿಂದ ನೋಡಿದ್ದೇನೆ, ಗೊತ್ತಿಲ್ಲದ್ದನ್ನು ಗೊತ್ತಿರುವವರನ್ನು ಕೇಳಿ ತಿಳಿದುಕೊಂಡಿದ್ದೇನೆ.

ಇವುಗಳಲ್ಲಿ ಒಂದಿದ್ದರೂ ಮುಂದೆ ಓದಬೇಡಿ, ಆಸ್ಪತ್ರೆಗೆ ಹೋಗಿ

ಎರಡೂ ಕೈಯಲ್ಲಿ ಒಟ್ಟಿಗೆ ಜೋಮು. ಅಂಗಿಯ ಗುಂಡಿ ಹಾಕಲು, ಮೊಬೈಲ್‌ನಲ್ಲಿ ಟೈಪ್ ಮಾಡಲು ಬೆರಳು ತಡವರಿಸುವುದು. ನಡೆಯುವಾಗ ಕಾಲು ತೂರಾಡುವುದು. ಮೂತ್ರ, ಮಲದ ಮೇಲೆ ಹಿಡಿತ ತಪ್ಪುವುದು. ಕತ್ತು ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಕರೆಂಟ್ ಹರಿದ ಹಾಗಾಗುವುದು. ಇವು ಒಂದು ನರದ ಮಾತಲ್ಲ, ಬೆನ್ನುಹುರಿಗೇ ಒತ್ತಡ ಬಿದ್ದಿರಬಹುದು. ಕೈಯ ಬಲ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೂ ಕಾಯಬಾರದು. ಜ್ವರ ಇದ್ದು, ಅಥವಾ ಕಾರಣವಿಲ್ಲದೆ ತೂಕ ಇಳಿಯುತ್ತಾ ಇದ್ದು ಕತ್ತು ನೋವು ಬಂದರೂ ಹಾಗೆಯೇ.

ಇನ್ನೊಂದು. ಎಡಗೈ ನೋವಿನ ಜೊತೆ ಎದೆ ಹಿಡಿದಂತಾಗುವುದು, ಬೆವರು, ಉಸಿರು ಕಟ್ಟುವುದು ಇದ್ದರೆ ಅದನ್ನು ನರ ಅಂತ ತಳ್ಳಿಹಾಕಬೇಡಿ. ಮೊದಲು ಇಸಿಜಿ ಮಾಡಿಸಿ.

ದೋಷ ಮಸಲ್‌ನದ್ದೋ, ನರದ್ದೋ?

ಮೋಟರ್ ಓಡದಿದ್ದರೆ ಮೆಕ್ಯಾನಿಕ್ ಮೊದಲು ವೈಂಡಿಂಗ್ ಬಿಚ್ಚುವುದಿಲ್ಲ. ಕರೆಂಟ್ ಬರುತ್ತಿದೆಯಾ ಅಂತ ನೋಡುತ್ತಾನೆ. ಇಲ್ಲೂ ಅದೇ ಕ್ರಮ.

ತಿಂಗಳುಗಟ್ಟಲೆ ಜಿಮ್ ಬಿಟ್ಟದ್ದಕ್ಕೆ ಬಂದ ಬಲಹೀನತೆ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ಸೆಟ್ ಮುಂದುವರಿದ ಹಾಗೆ ಮಸಲ್ ಉರಿಯುತ್ತದೆ, ಆಮೇಲೆ ಸೋಲುತ್ತದೆ. ಎರಡು ಮೂರು ವಾರದ ತಾಲೀಮಿನಲ್ಲಿ ತೂಕ ಏರುವುದು ಕಣ್ಣಿಗೆ ಕಾಣುತ್ತದೆ. ಮಸಲ್ ಅಥವಾ ಅದನ್ನು ಮೂಳೆಗೆ ಕಟ್ಟುವ ಹುರಿ ಹರಿದಿದ್ದರೆ ಅದು ಆದ ಗಳಿಗೆ ನೆನಪಿರುತ್ತದೆ: 'ಟಪ್' ಅಂದ ಹಾಗೆ, ಆಮೇಲೆ ಊತ, ಒಂದೆರಡು ದಿನಕ್ಕೆ ಚರ್ಮ ನೀಲಿಗಟ್ಟುವುದು, ಮುಟ್ಟಿದರೆ ಹಳ್ಳ ಸಿಗುವುದು. ನೋವಿಗೆ ಹೆದರಿ ಕೈ ಬಿಟ್ಟುಕೊಡುವುದು ಮೂರನೆಯ ಬಗೆ. ನೋವು ಇರುವಷ್ಟು ದಿನ ಕಸುವಿನ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ.

ನರದ ದೋಷ ಹೀಗಿರುವುದಿಲ್ಲ. ಮೊದಲ ರೆಪ್‌ನಲ್ಲೇ ಕೈ ಖಾಲಿ ಅನಿಸುತ್ತದೆ. ಉರಿ ಬರುವ ಮುಂಚೆಯೇ ಕುಸಿಯುತ್ತದೆ. ಸುಮ್ನೆ ಕೂತಾಗ ಮಸಲ್ ಒಳಗೆ ಹುಳ ಹರಿದ ಹಾಗೆ ಅದುರುತ್ತದೆ. ಕೆಲವು ವಾರ ಕಳೆದ ಮೇಲೆ ಆ ಜಾಗ ಸಣ್ಣಗಾಗುತ್ತದೆ. ನನ್ನ ಎಡತೋಳಿನ ಹಿಂಭಾಗ ಒತ್ತಿದರೆ ಹಿಟ್ಟು ಒತ್ತಿದ ಹಾಗೆ ಮೆತ್ತಗಿತ್ತು, ಬಲತೋಳು ಬಿಗಿಯಾಗಿತ್ತು. ಕನ್ನಡಿ ಮುಂದೆ ನಿಂತು ಎರಡೂ ಕೈ ನೇರ ಮಾಡಿ ಹಿಂದಕ್ಕೆ ಬಿಗಿಹಿಡಿದು ಹೋಲಿಸಿ ನೋಡಿ, ಗೊತ್ತಾಗುತ್ತದೆ.

ಒಂದು ಕಷ್ಟ ಇದೆ. ತಾಲೀಮು ಮಾಡಿದವರ ಬಲಹೀನತೆ ಡಾಕ್ಟರ್ ಕೈಗೆ ಕೆಲವೊಮ್ಮೆ ಸಿಗುವುದಿಲ್ಲ. ಅವರು ನಿಮ್ಮ ಕೈಯನ್ನು ತಮ್ಮ ಕೈಯಿಂದ ತಡೆದು ನೋಡುತ್ತಾರೆ. ನೂರು ಕೆಜಿ ಒತ್ತುತ್ತಿದ್ದ ಕೈ ಅರ್ಧ ಬಲ ಕಳೆದುಕೊಂಡರೂ ಆ ತಡೆಯನ್ನು ದಾಟಿಬಿಡುತ್ತದೆ. "ಪವರ್ ಚೆನ್ನಾಗಿದೆಯಲ್ಲ" ಅಂತ ಬರೆದು ಕಳಿಸುತ್ತಾರೆ. ಅದಕ್ಕೆ ನಿಮ್ಮ ಜಿಮ್ ಲೆಕ್ಕವನ್ನು ಬರೆದುಕೊಂಡು ಹೋಗಿ. "ಬಲಗೈ ಕೇಬಲ್‌ನಲ್ಲಿ 20 ಕೆಜಿ ಹತ್ತು ಸಲ, ಎಡಗೈ 5 ಕೆಜಿ ಆರು ಸಲ" ಅಂತ ಹೇಳಿದ ದಿನವೇ ನನ್ನ ಮಾತಿಗೆ ತೂಕ ಬಂತು.

ಲೈನ್ ಎಲ್ಲಿ ಕೈಕೊಟ್ಟಿದೆ?

ಕತ್ತಿನಿಂದ ಬೆರಳಿನ ತುದಿಯವರೆಗೆ ಒಂದೇ ಲೈನ್ ಅಲ್ಲ, ಹಲವು ಲೈನ್‌ಗಳು ಸೇರಿ, ಕವಲೊಡೆದು ಹೋಗುತ್ತವೆ. ಕತ್ತಿನಲ್ಲಿ ಮೂಳೆ ಏಳು, ಅಲ್ಲಿಂದ ಹೊರಡುವ ನರದ ಬೇರು ಎಂಟು. ಡಾಕ್ಟರ್‌ಗಳು ಅವನ್ನು ಸಿ1ರಿಂದ ಸಿ8 ಅಂತ ಕರೆಯುತ್ತಾರೆ. ಆರನೇ ಮತ್ತು ಏಳನೇ ಮೂಳೆಯ ನಡುವೆ ಹೊರಬರುವುದು ಸಿ7. ಕತ್ತಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ತಿನ್ನುವ ಬೇರು ಇದೇ. ಬೆಂಚ್ ಪ್ರೆಸ್ ಮಾಡುವವರಿಗೆ ಇದು ಬಹಳ ಬೇಕಾದ ಬೇರು, ಏಕೆಂದರೆ ಮೊಣಕೈ ನೇರ ಮಾಡುವ ಟ್ರೈಸೆಪ್ಸ್‌ಗೆ ಮುಖ್ಯವಾಗಿ ಸುದ್ದಿ ಹೋಗುವುದು ಇದರಿಂದ. ಎದೆಯ ಕೆಳಭಾಗಕ್ಕೆ, ಬೆನ್ನಿನ ಅಗಲದ ಮಸಲ್‌ಗೆ ಕೂಡ ಇದರ ಪಾಲು ಇದೆ.

ಜಾಗ ಹುಡುಕಲು ನಾನು ಮೂರು ಪ್ರಶ್ನೆ ಇಟ್ಟುಕೊಂಡೆ. ಯಾವ ಬೆರಳಿಗೆ ಜೋಮು? ಯಾವ ಚಲನೆ ಸೋತಿದೆ, ಅದರ ಪಕ್ಕದ ಯಾವುದು ಚೆನ್ನಾಗಿದೆ? ಕತ್ತು ಆಡಿಸಿದರೆ ಬದಲಾಗುತ್ತದೆಯೇ?

ನಡುಬೆರಳು ಜುಮ್ಮೆನ್ನುತ್ತಿದ್ದು, ಮೊಣಕೈ ನೇರ ಮಾಡುವ ಬಲ ಕಡಿಮೆಯಾಗಿದ್ದು, ಮಣಿಕಟ್ಟನ್ನು ಒಳಕ್ಕೆ ಬಗ್ಗಿಸುವ ಬಲವೂ ಕಡಿಮೆಯಾಗಿದ್ದರೆ ಅನುಮಾನ ಸಿ7 ಮೇಲೆ. ಹೆಬ್ಬೆರಳು, ತೋರುಬೆರಳಿಗೆ ಜೋಮು ಇದ್ದು ಡಂಬೆಲ್ ಕರ್ಲ್ ಸೋತರೆ ಅದು ಒಂದು ಮನೆ ಮೇಲೆ, ಸಿ6. ಕಿರುಬೆರಳಿನ ಜೊತೆ ಮುಷ್ಟಿಯ ಹಿಡಿತ ಸೋತರೆ ಸಿ8. ಜೋಮು ಏನೂ ಇಲ್ಲದೆ ಕೈಯನ್ನು ಪಕ್ಕಕ್ಕೆ ಎತ್ತಲು ಆಗುತ್ತಿಲ್ಲವಾದರೆ ಸಿ5 ಇರಬಹುದು, ಭುಜದ ಕೀಲಿನ ತೊಂದರೆಯೂ ಇರಬಹುದು. ಇದನ್ನು ಮನೆಯಲ್ಲಿ ಬೇರೆ ಮಾಡುವುದು ಕಷ್ಟ.

ಈಗ ಅದೇ ರೀತಿ ಕಾಣುವ ಬೇರೆ ದೋಷಗಳು. ತೋಳಿನ ಮೂಳೆಗೆ ಸುತ್ತಿಕೊಂಡು ಹೋಗುವ ರೇಡಿಯಲ್ ನರ ಒತ್ತಿಹೋದರೆ, ಅಂದರೆ ಕುರ್ಚಿಯ ಅಂಚಿಗೆ ತೋಳು ಹಾಕಿ ಗಾಢವಾಗಿ ನಿದ್ದೆ ಹೋದವರಿಗೆ ಆಗುವ ಹಾಗೆ, ಮಣಿಕಟ್ಟು ಜೋತು ಬೀಳುತ್ತದೆ. ಆದರೆ ಟ್ರೈಸೆಪ್ಸ್ ಸಾಮಾನ್ಯವಾಗಿ ಉಳಿದುಕೊಂಡಿರುತ್ತದೆ, ಏಕೆಂದರೆ ಅದಕ್ಕೆ ಹೋಗುವ ಕವಲು ಅದಕ್ಕೂ ಮೇಲೆಯೇ ಬೇರೆಯಾಗಿರುತ್ತದೆ. ಮಣಿಕಟ್ಟು ಒಳಕ್ಕೆ ಬಗ್ಗಿಸುವ ಬಲವೂ ಸರಿ ಇರುತ್ತದೆ. ಈ ಒಂದು ವ್ಯತ್ಯಾಸ ನನಗೆ ಇಡೀ ಚಿತ್ರ ಬಿಡಿಸಿಕೊಟ್ಟಿತು. ನನ್ನ ಎಡಗೈಯಲ್ಲಿ ಟ್ರೈಸೆಪ್ಸ್ ಹೋಗಿತ್ತು, ಮಣಿಕಟ್ಟಿನ ಒಳಬಾಗುವಿಕೆಯೂ ಸೋತಿತ್ತು. ಹಾಗಾಗಿ ದೋಷ ತೋಳಿನಲ್ಲಿಲ್ಲ, ಇನ್ನೂ ಮೇಲೆ ಇದೆ.

ಕಿರುಬೆರಳು ಮತ್ತು ಅದರ ಪಕ್ಕದ ಅರ್ಧ ಉಂಗುರಬೆರಳಿಗೆ ಮಾತ್ರ ಜೋಮು, ಮೊಣಕೈ ಬಹಳ ಹೊತ್ತು ಮಡಚಿ ಫೋನ್ ಹಿಡಿದಾಗ ಜಾಸ್ತಿ ಅಂದರೆ ಮೊಣಕೈ ಒಳಮಗ್ಗುಲ ಅಲ್ನರ್ ನರ ನೋಡಿಸಿ. ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹಾಯ್ ಅನಿಸುತ್ತದೆ, ಹೆಬ್ಬೆರಳಿನಿಂದ ಮೂರೂವರೆ ಬೆರಳು ಜೋಮು ಅಂದರೆ ಮಣಿಕಟ್ಟಿನ ಕಾರ್ಪಲ್ ಟನಲ್. ಇವೆರಡೂ ಕತ್ತಿನ ದೋಷದ ಜೊತೆಗೂ ಇರಬಹುದು.

ಇನ್ನೊಂದು ಬಗೆ ಕಡಿಮೆ ಜನಕ್ಕೆ ಗೊತ್ತು. ಒಂದು ರಾತ್ರಿ ಭುಜದಲ್ಲಿ ತಡೆಯಲಾಗದ ನೋವು ಶುರುವಾಗುತ್ತದೆ. ಕೆಲವು ದಿನ ಅಥವಾ ವಾರ ಕಾಡಿ ಇಳಿಯುತ್ತದೆ. ಇಳಿಯುತ್ತಿದ್ದಂತೆ ಭುಜ ಅಥವಾ ತೋಳು ಸೋಲುತ್ತದೆ. ಕೆಲವರಿಗೆ ಬೆನ್ನ ರೆಕ್ಕೆ ಹೊರಚಾಚಿ ನಿಲ್ಲುತ್ತದೆ. ಇದು ನರಗಳ ಗೊಂಚಲಿಗೇ ಬರುವ ಉರಿಯೂತ. ಗೋಡೆಗೆ ಎರಡೂ ಅಂಗೈ ಒತ್ತಿ ನಿಂತಾಗ ಒಂದು ರೆಕ್ಕೆ ಎದ್ದು ಕಂಡರೆ ಹಿಂದಿನಿಂದ ಫೋಟೋ ತೆಗೆಸಿ ಡಾಕ್ಟರ್‌ಗೆ ತೋರಿಸಿ.

ನಮ್ಮ ನಾಡಿನಲ್ಲಿ ಇನ್ನೂ ಮೂರು ಮಾತು ಕೇಳಲೇಬೇಕು. ಸಕ್ಕರೆ ಕಾಯಿಲೆ ಇದೆಯೇ? ಮಾಂಸ, ಮೀನು, ಮೊಟ್ಟೆ ತಿನ್ನದವರಾದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿದ್ದೀರಾ? ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಬಿ12 ಇಳಿಯುತ್ತದೆ. ಸಕ್ಕರೆ ಕಾಯಿಲೆ, ಬಿ12 ಕೊರತೆ ಎರಡೂ ನರದ ವಾಸಿಯನ್ನು ಹಿಂದಕ್ಕೆ ಎಳೆಯುತ್ತವೆ, ಅವುಗಳಿಂದ ಬರುವ ಜೋಮು ಸಾಮಾನ್ಯವಾಗಿ ಪಾದದಿಂದ ಶುರುವಾಗುತ್ತದೆ. ಮೂರನೆಯದು, ಮೈಮೇಲೆ ಸ್ಪರ್ಶ ಗೊತ್ತಾಗದ ತಿಳಿಬಣ್ಣದ ಮಚ್ಚೆ ಇದ್ದು ಕೈ ಸೋಲುತ್ತಿದ್ದರೆ ಕುಷ್ಠದ ಪರೀಕ್ಷೆ ಮಾಡಿಸಿ. ನಾಚಿಕೆ ಬೇಡ. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಬೇಗ ಹಿಡಿದರೆ ನರ ಉಳಿಯುತ್ತದೆ.

ಕತ್ತೇ ಮೂಲ ಅಂತ ತಿಳಿಯಲು ಒಂದು ಸುಳುಹು ಮನೆಯಲ್ಲೇ ಸಿಗುತ್ತದೆ. ನೋವಿರುವ ಕೈಯನ್ನು ಎತ್ತಿ ತಲೆ ಮೇಲೆ ಇಟ್ಟುಕೊಳ್ಳಿ. ತೋಳಿನ ಸೆಳೆತ ಇಳಿದರೆ ಕತ್ತಿನ ಬೇರಿಗೆ ಒತ್ತಡ ಇರುವ ಸಾಧ್ಯತೆ ಜಾಸ್ತಿ. ಆ ಮೂರು ವಾರ ನಾನು ಹಾಗೇ ಕೂರುತ್ತಿದ್ದೆ. "ತಲೆ ಮೇಲೆ ಕೈ ಹೊತ್ತು ಕೂರಬೇಡ್ವೋ, ಮನೆಗೆ ಒಳ್ಳೇದಲ್ಲ" ಅಂತ ಅಮ್ಮ ದಿನಾ ಕೈ ಇಳಿಸುತ್ತಿದ್ದರು. ಇಳಿಸಿದ ತಕ್ಷಣ ನೋವು ಓಡಿ ಬರುತ್ತಿತ್ತು. ನನ್ನ ಮೈ ಮೊದಲ ದಿನದಿಂದ ಹೇಳುತ್ತಿದ್ದ ಮಾತು ಅದು, ಓದಲು ಬರಲಿಲ್ಲ. ಕತ್ತು ಹಿಂದಕ್ಕೆ ಬಾಗಿಸಿ ನೋವಿನ ಕಡೆ ತಿರುಗಿಸಿ ತಲೆ ಒತ್ತುವ ಇನ್ನೊಂದು ಪರೀಕ್ಷೆ ಇದೆ. ಅದನ್ನು ಡಾಕ್ಟರ್ ಮಾಡಲಿ, ನೀವಾಗಲಿ ಗೆಳೆಯರಾಗಲಿ ಮಾಡಬೇಡಿ.

ಪೆಟ್ಟು ಎಷ್ಟು ಆಳ?

ಬ್ರಿಟನ್ನಿನ ಸರ್ಜನ್ ಹರ್ಬರ್ಟ್ ಸೆಡನ್ 1943ರಲ್ಲಿ ನರದ ಪೆಟ್ಟನ್ನು ಮೂರು ಬಗೆ ಮಾಡಿದರು. ಇವತ್ತಿಗೂ ಡಾಕ್ಟರ್‌ಗಳು ಅದನ್ನೇ ಬಳಸುತ್ತಾರೆ. ಮೊದಲನೆಯದರಲ್ಲಿ ಒಳಗಿನ ತಂತಿ ಸರಿ ಇದೆ, ಮೇಲಿನ ಹೊದಿಕೆಗೆ ಮಾತ್ರ ಪೆಟ್ಟು. ದಿನಗಳಿಂದ ಹೆಚ್ಚೆಂದರೆ ಮೂರು ತಿಂಗಳಲ್ಲಿ ಸರಿಹೋಗುತ್ತದೆ. ಎರಡನೆಯದರಲ್ಲಿ ಒಳತಂತಿ ತುಂಡಾಗಿದೆ, ಆದರೆ ಅದು ಹೋಗುತ್ತಿದ್ದ ಕೊಳವೆ ಉಳಿದಿದೆ. ತಂತಿ ಮತ್ತೆ ಬೆಳೆಯುತ್ತದೆ, ದಿನಕ್ಕೆ ಸುಮಾರು 1 ಮಿಲಿಮೀಟರ್. ಮೂರನೆಯದರಲ್ಲಿ ಎಲ್ಲವೂ ಕಡಿದಿದೆ, ಆಪರೇಷನ್ ಬೇಕು.

ಲೆಕ್ಕ ಹಾಕಿ ನೋಡಿ. ಕತ್ತಿನಿಂದ ಟ್ರೈಸೆಪ್ಸ್‌ಗೆ ಸುಮಾರು 25ರಿಂದ 30 ಸೆಂಟಿಮೀಟರ್. ದಿನಕ್ಕೆ 1 ಮಿಲಿಮೀಟರ್ ಅಂದರೆ ಎಂಟು ಹತ್ತು ತಿಂಗಳು. ನೀವು ಎಷ್ಟು ಸೆಟ್ ಹೊಡೆದರೂ ಆ 1 ಮಿಲಿಮೀಟರ್ ಎರಡಾಗುವುದಿಲ್ಲ. ಸಮಾಧಾನದ ಮಾತೂ ಇದೆ. ಎಲ್ಲ ತಂತಿಯೂ ಹೋಗಿರದಿದ್ದರೆ, ಉಳಿದ ತಂತಿಗಳು ಮಸಲ್ ಒಳಗೆ ಹೊಸ ಕವಲು ಬಿಟ್ಟು ಅನಾಥವಾದ ಎಳೆಗಳನ್ನು ದತ್ತು ತೆಗೆದುಕೊಳ್ಳುತ್ತವೆ. ಇದು ಕೆಲವೇ ತಿಂಗಳಲ್ಲಿ ಆಗುತ್ತದೆ. ಆದರೆ ಹಾಗೆ ದತ್ತು ಪಡೆದ ನರಕ್ಕೆ ಕೆಲಸ ಜಾಸ್ತಿ, ಬೇಗ ದಣಿಯುತ್ತದೆ. ಎರಡು ತಿಂಗಳು ನಾನು ಜಾಸ್ತಿ ಸೆಟ್ ಹೊಡೆದು ದಣಿಸಿದ್ದು ಇವನ್ನೇ.

ಇನ್ನೊಂದು ಗಡಿಯೂ ಇದೆ. ನರ ತಲುಪದೆ ಬಿಟ್ಟ ಮಸಲ್ ಒಂದು ವರ್ಷದಿಂದ ಒಂದೂವರೆ ವರ್ಷ ದಾಟಿದರೆ ನರವನ್ನು ಮತ್ತೆ ಸೇರಿಸಿಕೊಳ್ಳುವ ಗುಣ ಕಳೆದುಕೊಳ್ಳುತ್ತದೆ. ಅದಕ್ಕೆ ಮೂರು ತಿಂಗಳಾದರೂ ಮಸಲ್‌ನಲ್ಲಿ ಒಂದು ಮಿಸುಕೂ ಇಲ್ಲದಿದ್ದರೆ ಸರ್ಜನ್ ಅಭಿಪ್ರಾಯ ಆಗಲೇ ಕೇಳಬೇಕು.

ಯಾವ ಬಗೆ ಅಂತ ತಿಳಿಯಲು ಇಎಂಜಿ (ಮಸಲ್‌ಗೆ ಸಣ್ಣ ಸೂಜಿ ಚುಚ್ಚಿ ಅದರ ಕರೆಂಟ್ ನೋಡುವುದು) ಮತ್ತು ನರದ ವೇಗದ ಪರೀಕ್ಷೆ ಮಾಡುತ್ತಾರೆ. ಪೆಟ್ಟಾದ ಮರುದಿನ ಓಡಿಹೋಗಿ ಮಾಡಿಸಬೇಡಿ. ನರ ತಪ್ಪಿದ ಮಸಲ್ ತನ್ನ ಗುರುತು ತೋರಿಸಲು ಎರಡು ಮೂರು ವಾರ ಬೇಕು. ಬೇಗ ಮಾಡಿಸಿದರೆ 'ನಾರ್ಮಲ್' ಅಂತ ಬಂದು ದಾರಿ ತಪ್ಪುತ್ತದೆ. ಎಂಆರ್‌ಐ ರಿಪೋರ್ಟ್‌ನಲ್ಲಿ 'ಡಿಸ್ಕ್ ಬಲ್ಜ್', ಅಂದರೆ ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಅಂತ ನಾಲ್ಕು ಕಡೆ ಬರೆದಿದ್ದರೆ ಎದೆಗುಂದಬೇಡಿ. ಯಾವ ನೋವೂ ಇಲ್ಲದ ಎಷ್ಟೋ ಜನರ ಕತ್ತಿನಲ್ಲೂ ಅದು ಇರುತ್ತದೆ. ಬೆರಳು ಹೇಳುವ ಜಾಗ, ಮಸಲ್ ಹೇಳುವ ಜಾಗ, ಎಂಆರ್‌ಐ ಹೇಳುವ ಜಾಗ ಮೂರೂ ಒಂದೇ ಆದರೆ ಮಾತ್ರ ಅದಕ್ಕೆ ಅರ್ಥ. ಕತ್ತಿನ ಬೇರಿನ ಒತ್ತಡ ಬಹಳ ಜನರಲ್ಲಿ ಆಪರೇಷನ್ ಇಲ್ಲದೆಯೇ ವಾರಗಳಲ್ಲಿ, ತಿಂಗಳುಗಳಲ್ಲಿ ಇಳಿಯುತ್ತದೆ.

ಅಮೆರಿಕನ್ ಫುಟ್‌ಬಾಲ್‌ನ ಪೇಟನ್ ಮ್ಯಾನಿಂಗ್ ಕಥೆ ಓದಿದಾಗ ನನಗೆ ಧೈರ್ಯ ಬಂತು. ಚೆಂಡು ಎಸೆಯುವ ಕೈಯ ಟ್ರೈಸೆಪ್ಸ್ ಕತ್ತಿನ ನರದಿಂದಲೇ ಸೋತಿತ್ತು. 2011ರಲ್ಲಿ ಕತ್ತಿನ ಆಪರೇಷನ್ ಆಗಿ ಆ ಇಡೀ ಸೀಸನ್ ಆಡಲಿಲ್ಲ. 2012ರಲ್ಲಿ ಡೆನ್ವರ್ ತಂಡಕ್ಕೆ ಹೋಗಿ ಮರಳಿ ಆಡಿದರು. ಜಗತ್ತಿನ ಒಳ್ಳೆಯ ಡಾಕ್ಟರ್‌ಗಳು ಜೊತೆಗಿದ್ದವರಿಗೂ ನರ ತನ್ನದೇ ಸಮಯ ತೆಗೆದುಕೊಂಡಿತು.

ಅಳತೆ: ಎರಡು ತೂಕದ ಯಂತ್ರ, ಒಂದು ನೋಟ್‌ಬುಕ್

ಮನೆಯಲ್ಲಿ ನಿಂತು ತೂಕ ನೋಡುವ ಯಂತ್ರ ಇರುತ್ತದಲ್ಲ, ಅದನ್ನು ಊಟದ ಮೇಜಿನ ಮೇಲೆ ಇಡಿ. ಪಕ್ಕದಲ್ಲಿ ಕುರ್ಚಿ ಹಾಕಿ ಕೂತು, ಮೊಣಕೈ ಮಡಚಿ ಅಂಗೈ ಅದರ ಮೇಲಿಟ್ಟು ಕೈಯಿಂದಷ್ಟೇ ಕೆಳಕ್ಕೆ ಒತ್ತಿ. ಮೈ ಭಾರ ಹಾಕಬೇಡಿ. ಮೂರು ಸಲ ಒತ್ತಿ ನಡುವಿನ ಅಂಕಿ ಬರೆದುಕೊಳ್ಳಿ. ಬಲಗೈ, ಎಡಗೈ ಬೇರೆ ಬೇರೆ. ವಾರಕ್ಕೆ ಒಂದೇ ಸಲ, ಅದೇ ಕುರ್ಚಿ, ಅದೇ ಹೊತ್ತು. ನನ್ನ ಮೊದಲ ವಾರ: ಬಲ 24, ಎಡ 9. ಆರು ವಾರ ಅಂಕಿ ಅಲುಗಲಿಲ್ಲ. ಏಳನೇ ವಾರ 10, ಎಂಟನೇ ವಾರ 11 ಅಂತ ತೋರಿಸಿದಾಗ ಕಣ್ಣು ತುಂಬಿ ಬಂತು.

ತೀರಾ ಸೋತ ಕೈಗೆ ಯಂತ್ರ ಬೇಡ. ಅಂಗಾತ ಮಲಗಿ, ಮೊಣಕೈ ಸೂರಿನ ಕಡೆ ಮಾಡಿ, ಅಂಗೈಯನ್ನು ಕಿವಿಯ ಹತ್ತಿರದಿಂದ ಮೇಲಕ್ಕೆ ಚಾಚಿ. ಬರಿಗೈ ಪೂರ್ತಿ ನೇರವಾದರೆ ಡಾಕ್ಟರ್‌ಗಳ 0ರಿಂದ 5ರ ಲೆಕ್ಕದಲ್ಲಿ ನಿಮಗೆ 3 ಸಿಕ್ಕಿತು. ಆಗದಿದ್ದರೆ ಮೇಜಿನ ಮೇಲೆ ಟವೆಲ್ ಹಾಕಿ ತೋಳನ್ನು ಅದರ ಮೇಲೆ ಮಲಗಿಸಿ ಜಾರಿಸಿ ನೋಡಿ. ಅಲ್ಲಿ ಆದರೆ 2.

ಮರಳುವ ದಾರಿ

ನೋವು ಜೋರಿರುವಾಗ ಕೈಗೆ ತೂಕ ಇಲ್ಲ. ನಡಿಗೆ, ಕಾಲಿನ ಮೆಷಿನ್, ಸೈಕಲ್ ಸಾಕು. ಉಸಿರು ಬಿಗಿಹಿಡಿದು ಮುಕ್ಕುವುದು ಬೇಡ, ಒಳಒತ್ತಡ ಏರಿ ತೋಳಿಗೆ ಸೆಳೆತ ಇಳಿಯುತ್ತದೆ. ಹೆಗಲ ಮೇಲೆ ಬಾರ್ ಇಟ್ಟು ಸ್ಕ್ವಾಟ್, ತಲೆ ಮೇಲೆ ಎತ್ತುವ ಪ್ರೆಸ್, ಶೀರ್ಷಾಸನ, ಸರ್ವಾಂಗಾಸನ ಎಲ್ಲ ಬಿಡಿ. ಗರಡಿ ದಂಡವನ್ನೂ ಬಿಡಿ. ದಂಡದಲ್ಲಿ ಎದೆ ಎತ್ತುವಾಗ ಕತ್ತು ಹಿಂದಕ್ಕೆ ಬಾಗುತ್ತದೆ, ನರ ಹೊರಬರುವ ಕಿಂಡಿ ಆಗ ಕಿರಿದಾಗುತ್ತದೆ. ನಾನು ದಂಡಕ್ಕೆ ಮರಳಿದ್ದು ಎಲ್ಲಕ್ಕಿಂತ ಕೊನೆಗೆ.

ಚೆನ್ನಾಗಿರುವ ಕೈಗೆ ತಾಲೀಮು ನಿಲ್ಲಿಸಬೇಡಿ. ಒಂದು ಕೈ ದುಡಿದರೆ ಇನ್ನೊಂದು ಕೈಗೂ ಸ್ವಲ್ಪ ಕಸುವು ದಾಟುತ್ತದೆ. 1894ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇದನ್ನು ಕಂಡಿದ್ದರು. ನರ ಕೆಳಗಿಳಿಯುವವರೆಗೆ ಇದು ಪುಕ್ಕಟೆ ಸಿಗುವ ಲಾಭ.

ನೋವು ಇಳಿದು ಅಂಕಿ 3 ಸಿಕ್ಕ ಮೇಲೆ ಅರ್ಧ ಲೀಟರ್ ನೀರಿನ ಬಾಟಲಿ. ಮಲಗಿ ಎತ್ತುವುದು, ಹತ್ತು ಸಲ, ಎರಡು ಸುತ್ತು, ದಿನ ಬಿಟ್ಟು ದಿನ. ಆಮೇಲೆ ಒಂದು ಕೈಯ ಕೇಬಲ್ ಪುಶ್‌ಡೌನ್. ಇಲ್ಲಿ ನಿಯಮ ಒಂದೇ ಇಟ್ಟುಕೊಂಡೆ: ಸೋತ ಕೈ ಮೊದಲು, ಅದು ಎಷ್ಟು ಮಾಡುತ್ತದೋ ಬಲಗೈಯೂ ಅಷ್ಟೇ. ಇನ್ನೂ ಎರಡು ಮೂರು ಆಗುತ್ತದೆ ಅನಿಸುವಾಗಲೇ ಸೆಟ್ ನಿಲ್ಲಿಸುವುದು. ಮರುದಿನ ಬೆಳಗ್ಗೆ ಚೊಂಬು ಎತ್ತಿ ನೋಡುವುದು. ಹಿಂದಿನ ದಿನಕ್ಕಿಂತ ಭಾರ ಅನಿಸಿದರೆ ತೂಕ ಜಾಸ್ತಿಯಾಗಿದೆ ಅಂತ ಅರ್ಥ.

ಎರಡೂ ಕೈ ಸೇರುವ ವ್ಯಾಯಾಮಕ್ಕೆ ಅವಸರ ಬೇಡ. ಬಾರ್ ಮೋಸ ಮಾಡುತ್ತದೆ. ಎದೆ, ಭುಜ, ಬಲಗೈ ಸೇರಿ ಎಡ ಟ್ರೈಸೆಪ್ಸ್‌ನ ಕೆಲಸ ಹಂಚಿಕೊಂಡುಬಿಡುತ್ತವೆ, ಅದು ಮಲಗಿಯೇ ಇರುತ್ತದೆ. ಗೋಡೆಗೆ ಪುಶ್‌ಅಪ್, ಆಮೇಲೆ ಅಡುಗೆಮನೆ ಕಟ್ಟೆಗೆ, ಆಮೇಲೆ ಬೆಂಚಿಗೆ, ಕೊನೆಗೆ ನೆಲಕ್ಕೆ. ನೆಲಕ್ಕೆ ಇಳಿದಾಗ ಎರಡು ತೂಕದ ಯಂತ್ರ ಪಕ್ಕಪಕ್ಕ ಇಟ್ಟು ಒಂದೊಂದರ ಮೇಲೆ ಒಂದೊಂದು ಕೈ ಇಡಿ. ಮೊದಲ ಸಲ ನನಗೆ ಬಲ 31, ಎಡ 17 ತೋರಿಸಿತು. ಸಮ ಇದ್ದೇನೆ ಅಂತಲೇ ನನಗೆ ಅನಿಸುತ್ತಿತ್ತು. ಅಂಕಿ ನೋಡುತ್ತಾ ಭಾರವನ್ನು ಎಡಕ್ಕೆ ಸರಿಸಲು ಕಲಿತೆ. ಇದಕ್ಕೇ ಎರಡು ತಿಂಗಳು ಹಿಡಿಯಿತು.

ಎಡಗೈ ಬಲಗೈಯ ಹತ್ತರಲ್ಲಿ ಎಂಟು ಪಾಲು ಬಂದ ಮೇಲೆ ಬಾರ್ ಹಿಡಿದೆ. ಖಾಲಿ ಬಾರ್, 20 ಕೆಜಿ, ರ್ಯಾಕ್‌ನಲ್ಲಿ ಎರಡೂ ಕಡೆ ಸೇಫ್ಟಿ ಪಿನ್, ಅಂದರೆ ಬಾರ್ ಮೈಮೇಲೆ ಬೀಳದಂತೆ ತಡೆಯುವ ಕಬ್ಬಿಣದ ಸರಳು ಹಾಕಿ. ತಲೆಯ ಹತ್ತಿರ ನಿಂತು ಬಾರ್ ಹಿಡಿಯುವ ಸ್ಪಾಟರ್ ಇದ್ದರೂ ಪಿನ್ ಬೇಕು. ನರ ಸೋಲುವಾಗ ಮುನ್ಸೂಚನೆ ಕೊಡುವುದಿಲ್ಲ, ಸಾಮಾನ್ಯ ಸುಸ್ತಿನ ಹಾಗೆ ನಿಧಾನಕ್ಕೆ ಬರುವುದಿಲ್ಲ. ಕಾಲಿನ ಕಡೆಯಿಂದ ವಿಡಿಯೋ ತೆಗೆಸಿ. ಬಾರ್ ವಾಲಿದ ರೆಪ್‌ಗೇ ಸೆಟ್ ಮುಗಿಯಿತು.

ದಾರಿಯಲ್ಲಿ ಮತ್ತೆ ಕಾಣುವ ದೋಷಗಳು

ಬೆಂಚ್ ಮೇಲೆ ಇರುವಾಗ ಏನೂ ಇಲ್ಲ, ಮನೆಗೆ ಬಂದ ಮೇಲೆ ನಡುಬೆರಳು ಜುಮ್ಮೆನ್ನುತ್ತದೆ: ತಲೆಯನ್ನು ಬೆಂಚಿಗೆ ಒತ್ತುತ್ತಿದ್ದೀರಾ ನೋಡಿ. ನನಗೆ ಅದೇ ಆಗಿತ್ತು. ತಲೆ ಕೆಳಗೆ ತೆಳ್ಳಗೆ ಮಡಚಿದ ಟವೆಲ್ ಇಟ್ಟ ದಿನದಿಂದ ನಿಂತಿತು. ಡೆಡ್‌ಲಿಫ್ಟ್ ಮಾಡುವಾಗ ಕನ್ನಡಿ ನೋಡಲು ಗಲ್ಲ ಎತ್ತುವವರಿಗೂ ಇದೇ ತೊಂದರೆ.

ಬೆಳಗ್ಗೆ ಎದ್ದಾಗಲೇ ಕೈ ಸೋತಿರುತ್ತದೆ, ತಾಲೀಮಿಗೆ ಸಂಬಂಧವಿಲ್ಲ: ದಿಂಬು ನೋಡಿ. ಬೋರಲು ಮಲಗುವವರ ಕತ್ತು ರಾತ್ರಿಯಿಡೀ ಒಂದೇ ಕಡೆ ತಿರುಗಿರುತ್ತದೆ.

ಅಂಕಿ ಏರುತ್ತಿತ್ತು, ಮೂರು ವಾರದಿಂದ ನಿಂತಿದೆ: ಹೆಚ್ಚಿನ ಸಲ ತಾಲೀಮು ಜಾಸ್ತಿಯಾಗಿರುತ್ತದೆ. ಒಂದು ವಾರ ಅರ್ಧಕ್ಕೆ ಇಳಿಸಿ. ನಿಲ್ಲುವುದು ಬೇರೆ, ಇಳಿಯುವುದು ಬೇರೆ. ಅಂಕಿ ಎರಡು ವಾರ ಸತತ ಇಳಿದರೆ ಮತ್ತೆ ಡಾಕ್ಟರ್ ಹತ್ತಿರ ಹೋಗಿ.

ಬಲ ಬರುತ್ತಿದೆ, ಜೋಮು ಹೋಗುತ್ತಿಲ್ಲ: ಹೆದರಬೇಡಿ. ಸ್ಪರ್ಶ ಮರಳುವುದು ಕೆಲವರಿಗೆ ತಡ. ಜೋಮಿನ ಜಾಗ ಹರಡುತ್ತಿದೆಯೇ ಅನ್ನುವುದನ್ನು ಮಾತ್ರ ಗಮನಿಸಿ.

ಇದೊಂದನ್ನು ಕೈಮುಗಿದು ಕೇಳುತ್ತೇನೆ. ಕಟಿಂಗ್ ಶಾಪ್‌ನಲ್ಲಿ ಕತ್ತು ತಿರುಗಿಸಿ ಲಟಿಕೆ ತೆಗೆಸಬೇಡಿ. ಉಳುಕು ತೆಗೆಯುತ್ತೇವೆ, ನರ ಬಿಡಿಸುತ್ತೇವೆ ಅನ್ನುವವರ ಕೈಗೆ ಕತ್ತು ಕೊಡಬೇಡಿ. ಅಲ್ಲಿ ನರ ಮಾತ್ರ ಅಲ್ಲ, ಮಿದುಳಿಗೆ ಹೋಗುವ ರಕ್ತನಾಳವೂ ಇದೆ. ಹಾಗೆ ತಿರುಗಿಸಿ ಅದು ಸೀಳಿ ಲಕ್ವ ಹೊಡೆದ ಉದಾಹರಣೆ ವೈದ್ಯರ ದಾಖಲೆಗಳಲ್ಲಿವೆ.

ಈಗ ಹದಿನೆಂಟು ತಿಂಗಳು. ಹೋದ ಭಾನುವಾರ ಮೇಜಿನ ಮೇಲಿನ ಯಂತ್ರ ಬಲಕ್ಕೆ 25, ಎಡಕ್ಕೆ 22 ತೋರಿಸಿತು. ನಾಲ್ಕು ತಿಂಗಳಿಂದ ಎಡ ಅಲ್ಲೇ ಇದೆ. ಫಿಸಿಯೋ ಮೇಡಂ ಹೇಳಿದರು, ಈ ಮೂರು ಕೆಜಿ ಉಳಿದುಕೊಳ್ಳಬಹುದು, ಅದಕ್ಕೆ ಬಾರ್‌ಗಿಂತ ಡಂಬೆಲ್ ಪ್ರೆಸ್ ಒಳ್ಳೆಯದು, ಒಂದೊಂದು ಕೈ ತನ್ನ ಭಾರ ತಾನೇ ಹೊರುತ್ತದೆ ಅಂತ. ಸದ್ಯಕ್ಕೆ ಎರಡೂ ಕೈಗೆ 17.5 ಕೆಜಿ, ಎಂಟು ರೆಪ್ಸ್, ಮೂರು ಸೆಟ್. ಎಡಗೈಯಿಂದ ಶುರು.